ಬೆಂಗಳೂರಿನಲ್ಲಿ ಊರಿನ ಕಡೆಯ ಬಾಗಿಲು

ಮೂರನೆಯ ಮನೆಗೆ ಸಾಮಾನು ಇಳಿಸಿದ ದಿನ ಭಾವ ಫೋನಿನಲ್ಲಿ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಕಚೇರಿ ಜಯನಗರದಲ್ಲಿ, ನಾನು ಹಿಡಿದ ಮನೆ ತುಮಕೂರು ರಸ್ತೆಯ ಕೊನೆಯಲ್ಲಿ. "ಇನ್ನೂ ಸ್ವಲ್ಪ ಮುಂದೆ ಹೋಗಿದ್ದರೆ ತೀರ್ಥಹಳ್ಳಿಯೇ ಸಿಗುತ್ತಿತ್ತಲ್ಲ" ಎಂದಿದ್ದರು. ಒಂದೂವರೆ ವರ್ಷ ಕಳೆಯಿತು. ಮೊನ್ನೆ ಅದೇ ಭಾವ, ನಿಮ್ಮ ಬೀದಿಯಲ್ಲಿ ಯಾವುದಾದರೂ ಮನೆ ಖಾಲಿ ಇದೆಯೇ ಎಂದು ವಿಚಾರಿಸಿದರು. ಬರೆಯಲು ಇಷ್ಟು ನೆಪ ಸಾಕು.

ತೀರ್ಥಹಳ್ಳಿಯ ನಮ್ಮ ಕಡೆಯವರ ಪರಿಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡೆಕರೆ ಅಡಿಕೆ ತೋಟ, ಎಲೆಚುಕ್ಕೆ ರೋಗ ಹೊಕ್ಕ ಮೇಲೆ ಅರ್ಧಕ್ಕೆ ಇಳಿದ ಫಸಲು, ಮನೆಯಲ್ಲಿ ಒಬ್ಬರೇ ಅಮ್ಮ. ತೋಟವನ್ನು ಬಿಡುವ ಹಾಗಿಲ್ಲ, ತೋಟವೊಂದನ್ನೇ ನಂಬಿ ಕೂರುವ ಹಾಗೂ ಇಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ಔಷಧಿ ಹೊಡೆಸಲು, ದೀಪಾವಳಿಯ ಹೊತ್ತಿಗೆ ಕೊಯ್ಲಿಗೆ, ನಡುವೆ ಅಮ್ಮನ ಔಷಧಿಗೆ ಎಂದು ತಿಂಗಳಿಗೆ ಎರಡು ಸಲ ಊರಿಗೆ ಓಡುವುದು.

2022ರ ಜೂನ್‌ನಲ್ಲಿ ಮೊದಲ ಮನೆ ಮಾಡಿದ್ದು ಹೊರವರ್ತುಲ ರಸ್ತೆಯ ಪೂರ್ವದ ಕಡೆ, ನೆಂಟರ ಮನೆಯ ಹತ್ತಿರ. ಹೊಸ ಊರಿನಲ್ಲಿ ನಮ್ಮವರು ಪಕ್ಕದಲ್ಲಿದ್ದರೆ ಧೈರ್ಯ ಎಂಬ ಲೆಕ್ಕಾಚಾರ. ಬಾಡಿಗೆ 22 ಸಾವಿರದ ಆಸುಪಾಸು, ಮುಂಗಡ ಎರಡು ಲಕ್ಷ, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ. ಕಚೇರಿಗೆ ಹದಿಮೂರೋ ಹದಿನಾಲ್ಕೋ ಕಿಲೋಮೀಟರು. ಸಂಜೆ ಮರಳಲು ಒಂದೂವರೆ ಗಂಟೆ. ಊರಿನಿಂದ ಬರುವ ರಾತ್ರಿ ಬಸ್ಸು ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿಸಿದರೆ, ಅಲ್ಲಿಂದ ಮನೆಗೆ ಆಟೋದವರು ಕೇಳುತ್ತಿದ್ದುದು ಐನೂರು, ಆರುನೂರು. ತೀರ್ಥಹಳ್ಳಿಯಿಂದ ಬಂದ ಬಸ್ಸಿನ ಟಿಕೆಟ್ಟಿಗೂ ಅದಕ್ಕೂ ಹೆಚ್ಚು ಅಂತರವಿರಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ಮಳೆ ಬಂತು. ಆ ವರ್ಷ ಹೊರವರ್ತುಲ ರಸ್ತೆ ಮುಳುಗಿ, ಜನ ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ನಾನು ಕಿಟಕಿಯಿಂದ ನೋಡಿದೆ. ನೆಲಮಹಡಿಯಲ್ಲಿ ನಿಲ್ಲಿಸಿದ್ದ ಸ್ಕೂಟರಿನ ಸೀಟಿನವರೆಗೆ ನೀರು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಸುರಿಯುವ ಆಗುಂಬೆಯ ಮಗ್ಗುಲಲ್ಲಿ ಹುಟ್ಟಿದವನಿಗೆ, ಅದರ ಏಳನೆಯ ಒಂದು ಪಾಲೂ ಮಳೆ ಬೀಳದ ಊರಿನಲ್ಲಿ ಹೀಗಾಯಿತಲ್ಲ ಎಂಬ ನಾಚಿಕೆಯೇ ದೊಡ್ಡದಾಯಿತು. ನಮ್ಮ ಹಿರಿಯರು ಬಯಲುಗದ್ದೆಯಲ್ಲಿ ಮನೆ ಕಟ್ಟಲಿಲ್ಲ, ಎತ್ತರದ ನೆಲವಾದ ಮಕ್ಕಿಯ ಮೇಲೆ ಕಟ್ಟಿದರು. ನಾನು ನೆಂಟರ ಮುಖ ನೋಡಿ ಗದ್ದೆಯಲ್ಲಿ ಸಂಸಾರ ಹೂಡಿದ್ದೆ. ಡಿಸೆಂಬರ್‌ನಲ್ಲಿ ಬಿಟ್ಟೆ. ಬಣ್ಣ ಬಳಿಸಲು ಒಂದು ತಿಂಗಳ ಬಾಡಿಗೆ, ಅವಧಿಗೆ ಮುಂಚೆ ಬಿಟ್ಟಿದ್ದಕ್ಕೆ ಇನ್ನೊಂದು ತಿಂಗಳದ್ದು ಕಡಿತ. ಸಾಗಣೆ, ದಲ್ಲಾಳಿ, ಸ್ಕೂಟರಿನ ರಿಪೇರಿ ಎಲ್ಲ ಸೇರಿ ಎಂಬತ್ತು ಸಾವಿರ ನೀರಿಗೆ ಹೋಯಿತು.

ಎರಡನೆಯ ಸಲ ಬುದ್ಧಿ ಬಂದಿದೆ ಎಂದುಕೊಂಡು ಕಚೇರಿಗೆ ಹತ್ತಿರ ಹುಡುಕಿದೆ. ಜೆ.ಪಿ. ನಗರದ ಕೊನೆಯ ಹಂತಗಳ ಕಡೆ, ಎತ್ತರದ ಜಾಗ, ಬಾಡಿಗೆ 19 ಸಾವಿರ. ಒಂದು ವರ್ಷ ಚೆನ್ನಾಗಿಯೇ ಇತ್ತು. 2024ರ ಮಾರ್ಚ್‌ನಲ್ಲಿ ಕೊಳವೆಬಾವಿ ಕೈಕೊಟ್ಟಿತು. ಜಿಲ್ಲಾಡಳಿತ ಆಗ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ ಎಂದು ದರ ನಿಗದಿ ಮಾಡಿತ್ತು. ನಮ್ಮ ಬೀದಿಗೆ ಆ ದರದಲ್ಲಿ ಟ್ಯಾಂಕರು ಬಂದದ್ದನ್ನು ನಾನು ಕಾಣಲಿಲ್ಲ. ಏಪ್ರಿಲ್ ಒಂದೇ ತಿಂಗಳಲ್ಲಿ ನಮ್ಮ ಪಾಲಿಗೆ ಮೂರೂವರೆ ಸಾವಿರ ಬಂತು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ. ಕುಕ್ಕರು ಏಳು ಸಲ ಕೂಗಿದರೂ ತೊಗರಿಬೇಳೆ ಕಾಳಾಗಿಯೇ ಉಳಿಯುತ್ತಿತ್ತು. ಬಂದಿದ್ದ ಅಮ್ಮ ನಾಲ್ಕನೆಯ ದಿನ ಊರಿಗೆ ಹೊರಟು ನಿಂತರು. ಗುಡ್ಡದ ಒರತೆಯಾದ ಅಬ್ಬಿಯಿಂದ, ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಹರಿದು ಬರುವ ನೀರು ಕುಡಿದು ಎಪ್ಪತ್ತು ವರ್ಷ ಕಳೆದವರು.

ಅಲ್ಲಿಂದ ಲೆಕ್ಕವನ್ನು ತಲೆಕೆಳಗು ಮಾಡಿದೆ. ಎಲ್ಲರೂ ಕಚೇರಿಯಿಂದ ಶುರು ಮಾಡುತ್ತಾರೆ, ಆಮೇಲೆ ಬಾಡಿಗೆ, ಕೊನೆಗೆ ಉಳಿದದ್ದು. ನಾನು ಶುರು ಮಾಡಿದ್ದು ಊರಿನ ಬಸ್ಸು ಬೆಂಗಳೂರನ್ನು ಯಾವ ಬಾಗಿಲಿನಿಂದ ಹೊಗುತ್ತದೆ ಎಂಬುದರಿಂದ. ಶಿವಮೊಗ್ಗದ ಬಿ.ಎಚ್. ರಸ್ತೆ ಎಂದರೆ ಬೆಂಗಳೂರು–ಹೊನ್ನಾವರ ರಸ್ತೆ ತಾನೇ. ಅದರ ಈಚೆಯ ತುದಿಯಲ್ಲಿ ನೆಲಮಂಗಲ, ಎಂಟನೇ ಮೈಲಿ, ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ, ಯಶವಂತಪುರ. ರೈಲಿನಲ್ಲಿ ಬಂದರೂ ಯಶವಂತಪುರ ಕೈಗೆಟಕುತ್ತದೆ. ಈ ಸಾಲಿನಲ್ಲಿ ಎರಡನೆಯ ಜರಡಿ ಕಾವೇರಿ ನೀರು. ಕಚೇರಿ ಮೂರನೆಯದು, ಅದನ್ನು ಮೆಟ್ರೋ ನೋಡಿಕೊಳ್ಳಲಿ ಎಂದು ಬಿಟ್ಟೆ. ಹಸಿರು ಮಾರ್ಗ ಈ ರಸ್ತೆಯಿಂದ ಜಯನಗರಕ್ಕೆ ನೇರವಾಗಿ ಹೋಗುತ್ತದೆ, ಗಾಡಿ ಬದಲಿಸಬೇಕಾಗಿಲ್ಲ.

ನೀರಿನ ಪರೀಕ್ಷೆಗೆ ನೀರಿನಲ್ಲಿ ಕರಗಿದ ಲವಣ ಅಳೆಯುವ, ಇನ್ನೂರೈವತ್ತು ರೂಪಾಯಿಯ ಟಿಡಿಎಸ್ ಮೀಟರ್ ಕೊಂಡೆ. ಪೆನ್ನಿನ ಗಾತ್ರ, ಜೇಬಿನಲ್ಲೇ ಇರುತ್ತದೆ. ಹನ್ನೊಂದೋ ಹನ್ನೆರಡೋ ಮನೆ ನೋಡಿದೆ, ಎಲ್ಲ ಕಡೆ ಮೊದಲು ಬಚ್ಚಲಿಗೆ ನುಗ್ಗಿ ಲೋಟದಲ್ಲಿ ನೀರು ಹಿಡಿಯುತ್ತಿದ್ದೆ. ಒಬ್ಬ ಯಜಮಾನರು ನನ್ನನ್ನು ಜಲಮಂಡಳಿಯವನೆಂದು ತಿಳಿದು ಕಾಫಿ ಕೊಟ್ಟರು. ಕೊಳವೆಬಾವಿಯ ನೀರು ಒಂದೆಡೆ ಲೀಟರಿಗೆ 900 ಮಿಲಿಗ್ರಾಂ, ಮತ್ತೊಂದೆಡೆ 1,300 ದಾಟಿತು. ಕುಡಿಯುವ ನೀರಿಗೆ 500 ಮೀರದಿದ್ದರೆ ಒಳ್ಳೆಯದು ಎಂಬುದು ಮಾನಕ. ಕಾವೇರಿ ನಲ್ಲಿಯಲ್ಲಿ ಇನ್ನೂರು ಚಿಲ್ಲರೆ ಬರುತ್ತಿತ್ತು. ಮೀಟರು ಕೈಯಲ್ಲಿದ್ದಮೇಲೆ ಸುಮ್ಮನಿರಲಾಗಲಿಲ್ಲ. ಊರಿಗೆ ಹೋದಾಗ ನಮ್ಮ ಬಾವಿ, ಪಕ್ಕದವರ ಬಾವಿ, ತೀರ್ಥಹಳ್ಳಿಯ ತುಂಗೆ, ತೋಟದ ಕೆರೆ ಎಲ್ಲವನ್ನೂ ಅಳೆದೆ. ಬಾವಿ ನಲವತ್ತರ ಒಳಗೆ, ತುಂಗೆ ಅದಕ್ಕಿಂತ ಕೊಂಚ ಮೇಲೆ. ಗಂಗಾ ಸ್ನಾನ ತುಂಗಾ ಪಾನ ಎಂದವರ ಬಳಿ ಮೀಟರ್ ಇರಲಿಲ್ಲ, ನಾಲಿಗೆ ಇತ್ತು.

ಮೀಟರಿಗಿಂತ ಹೆಚ್ಚು ಹೇಳಿದ್ದು ಜಲಮಂಡಳಿಯ ಬಿಲ್ಲು. "ಕಾವೇರಿ ಸಂಪರ್ಕ ಇದೆ" ಎಂಬ ಮಾತಿಗೆ ಬೆಲೆಯಿಲ್ಲ. ಸಂಪರ್ಕ ಇರುತ್ತದೆ, ನೀರು ಇರುವುದಿಲ್ಲ. ಹಿಂದಿನ ಮೂರು ತಿಂಗಳ ಬಿಲ್ಲು ತೋರಿಸಿ ಎನ್ನಬೇಕು. ಅದರಲ್ಲಿ ಬಳಕೆ ಎಷ್ಟು ಸಾವಿರ ಲೀಟರ್ ಎಂದು ಇರುತ್ತದೆ. ಮಾರ್ಚ್, ಏಪ್ರಿಲ್ ಬಿಲ್ಲು ಸಿಕ್ಕರಂತೂ ಜಾತಕವೇ ಕೈಗೆ ಬಂದಂತೆ. ನಾಲ್ಕು ಮನೆಗಳು ಇಲ್ಲಿಯೇ ಬಿದ್ದುಹೋದವು. ಪೀಣ್ಯದ ಕಾರ್ಖಾನೆಗಳ ಸುತ್ತಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವ ವಿಷಯ ಹಳೆಯದು. ಹಾಗಾಗಿ ಅಲ್ಲಿ ಕೊಳವೆಬಾವಿಯೊಂದನ್ನೇ ನಂಬಿದ ಮನೆಗಳನ್ನು ಬಾಗಿಲಿನಿಂದಲೇ ಕೈಬಿಟ್ಟೆ, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ.

ತಗ್ಗು ಎತ್ತರ ನೋಡಲು ಯಾವ ಉಪಕರಣವೂ ಬೇಡ. ಬೀದಿಯ ನಡುವೆ ಸ್ಕೂಟರಿನ ಎಂಜಿನ್ ಆರಿಸಿ ಬ್ರೇಕ್ ಬಿಟ್ಟರೆ ಅದು ಯಾವ ಕಡೆ ಉರುಳುತ್ತದೆಯೋ ಮಳೆನೀರೂ ಆ ಕಡೆಯೇ. ಉರುಳಿ ನಿಂತ ಜಾಗದಲ್ಲಿ ಮನೆ ಬೇಡ. ಹೆಸರುಗಳನ್ನೂ ಕಿವಿಗೊಟ್ಟು ಕೇಳಬೇಕು. ನಾಗಸಂದ್ರ, ಮಲ್ಲಸಂದ್ರ, ಬೊಮ್ಮಸಂದ್ರಗಳ ಸಂದ್ರ ಎಂದರೆ ಸಮುದ್ರ, ಅಂದರೆ ಕೆರೆ. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದೂ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಸಂದ್ರ ಎಂದ ಮಾತ್ರಕ್ಕೆ ಓಡಿಹೋಗಬೇಕಿಲ್ಲ, ಹಳೆಯ ಏರಿ ಎಲ್ಲಿತ್ತು ಎಂದು ಕೇಳಿದರಾಯಿತು. ಅದನ್ನು ಹೇಳಬಲ್ಲವರು ದಲ್ಲಾಳಿಗಳಲ್ಲ, ದೇವಸ್ಥಾನದ ಕಟ್ಟೆಯ ಮೇಲೆ ಕೂರುವ ಹಳೆಯ ಊರಿನವರು.

ಕೊನೆಗೆ ಸಿಕ್ಕಿದ್ದು ಮಂಜುನಾಥನಗರ ಮೆಟ್ರೋ ನಿಲ್ದಾಣದಿಂದ ಹತ್ತು ನಿಮಿಷದ ದೂರದ ಮೊದಲ ಮಹಡಿ. 2024ರ ಆಗಸ್ಟ್‌ನಲ್ಲಿ ಆ ನಿಲ್ದಾಣಕ್ಕೆ ಇನ್ನೂ ಬೀಗವಿತ್ತು, ರೈಲು ನಾಗಸಂದ್ರಕ್ಕೇ ನಿಲ್ಲುತ್ತಿತ್ತು. ಎಷ್ಟೋ ಗಡುವುಗಳು ದಾಟಿದ್ದರಿಂದ ಜನ ನಂಬಿಕೆ ಬಿಟ್ಟಿದ್ದರು. ನಾನು ಎರಡು ಶನಿವಾರ ಅಲ್ಲಿ ನಿಂತು ಪರೀಕ್ಷಾರ್ಥ ಓಡುತ್ತಿದ್ದ ರೈಲುಗಳನ್ನು ನೋಡಿ ಮನೆ ಹಿಡಿದೆ. ಬಾಡಿಗೆ 15 ಸಾವಿರ. ನವೆಂಬರ್‌ನಲ್ಲಿ ಮಾದಾವರದವರೆಗೆ ಮಾರ್ಗ ತೆರೆಯಿತು. ಆಮೇಲೆ ಅದೇ ಬೀದಿಯಲ್ಲಿ ಬಂದವರು ಕೊಡುತ್ತಿರುವುದು 18. ಹತ್ತು ತಿಂಗಳ ಮುಂಗಡ ಕೇಳಿದವರು ಐದು ತಿಂಗಳದ್ದಕ್ಕೆ ಒಪ್ಪಿದ್ದು ಹೇಗೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ಎಲ್ಲರೂ ಹಾಗೆಯೇ ಮಾಡಿ ಅದು ನಡೆಯದೆ ಹೋಗುತ್ತದೆ.

ಕಚೇರಿಗೆ ನಡಿಗೆ ಸೇರಿ ಒಂದು ಗಂಟೆ, ಕುಳಿತುಕೊಂಡೇ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿದಾಗ ಹೊಟ್ಟೆ ಉರಿಯಿತು, ಈಗ ತಿಂಗಳಿಗೆ ಮೂರೂವರೆ ಸಾವಿರದ ಹತ್ತಿರ ಹೋಗುತ್ತದೆ. ಆದರೆ ಆಟೋ ಇಲ್ಲ, ಟ್ಯಾಂಕರ್ ಇಲ್ಲ. ಹಳೆಯ ಮನೆಗೆ ಹೋಲಿಸಿದರೆ ಐದಾರು ಸಾವಿರ ಉಳಿಯುತ್ತದೆ. ಧೂಳು ಇದೆ, ಹೆದ್ದಾರಿಯ ಲಾರಿಗಳ ಸದ್ದು ರಾತ್ರಿಯಿಡೀ ಇದೆ. ಮೊದಲ ತಿಂಗಳು ನನ್ನವಳು ಕಿಟಕಿ ತೆರೆಯಲೇ ಬಿಡಲಿಲ್ಲ. ಕಾವೇರಿ ಎರಡು ದಿನಕ್ಕೊಮ್ಮೆ, ಅದೂ ರಾತ್ರಿ ಬರುತ್ತದೆ, ಎದ್ದು ಸಂಪಿನ ಮುಚ್ಚಳ ತೆಗೆದು ನೋಡುವುದು ನನ್ನ ಪಾಲಿನ ಕೆಲಸ.

ರಾತ್ರಿ ಬಸ್ಸು ಎಂಟನೇ ಮೈಲಿಯಲ್ಲಿ ಐದಕ್ಕೆ ಮುಂಚೆ ಇಳಿಸುತ್ತದೆ, ಚೀಲ ಹೆಗಲಿಗೇರಿಸಿ ಇಪ್ಪತ್ತು ನಿಮಿಷ ನಡೆದರೆ ಮನೆ. ನಾನು ಹೋಗದ ವಾರ ಅಮ್ಮ ಪರಿಚಯದ ಚಾಲಕರ ಕೈಯಲ್ಲಿ ಕೆಸುವಿನೆಲೆ, ಕಳಲೆ ಕಳಿಸುತ್ತಾರೆ. ಅಮ್ಮ ಕಳೆದ ಬೇಸಿಗೆಯಲ್ಲಿ ಬಂದು ಮೂರು ವಾರ ಇದ್ದರು. ಬೇಳೆ ಮೂರು ಕೂಗಿಗೆ ಬೆಂದಿತು.

ಮನೆಯ ಕರಾರು ಬರುವ ತಿಂಗಳು ಮತ್ತೆ ಹನ್ನೊಂದು ತಿಂಗಳಿಗೆ ಮುಂದುವರಿಯಬೇಕು. ಯಜಮಾನರು ಎರಡು ಸಾವಿರ ಏರಿಸಿ ಎನ್ನುತ್ತಿದ್ದಾರೆ, ನಾನು ಒಂದಕ್ಕೆ ನಿಂತಿದ್ದೇನೆ. ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿಯೊಂದು ನಿನ್ನೆ ಸಂಜೆ ಅವರ ಮನೆ ಸೇರಿದೆ.