ಬಾತ್‌ರೂಮ್ ಬಾಗಿಲಿನ ಸಮಸ್ಯೆ ಬಗೆಹರಿದದ್ದು ಹೀಗೆ

ಅಮ್ಮನ ವೀಲ್‌ಚೇರ್ ಬಾತ್‌ರೂಮ್ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಚಕ್ರ ತಳ್ಳುವಾಗ ಕೈಗೆಣ್ಣು ಉಜ್ಜುತ್ತಿತ್ತು. ಗೋಡೆ ಒಡೆಸದೆ ಆಗಲ್ಲ ಎಂದರು ಎಲ್ಲರೂ. ಟೇಪು ಹಿಡಿದು ಅಳೆದಾಗ ಗೊತ್ತಾಯಿತು, ಚೌಕಟ್ಟಿನ ಅಗಲ ಸಾಕಷ್ಟಿತ್ತು. ತೆರೆದ ಬಾಗಿಲಿನ ದಪ್ಪವೇ ದಾರಿಗೆ ಅಡ್ಡ! ಮಾಮೂಲಿ ಹಿಂಜ್ ತೆಗೆಸಿ ಆಫ್‌ಸೆಟ್ ಹಿಂಜ್ ಹಾಕಿಸಿದೆ. ಬಾಗಿಲು ಈಗ ದಾರಿಯಿಂದ ಪೂರ್ತಿ ಪಕ್ಕಕ್ಕೆ ಸರಿಯುತ್ತದೆ. ಕುರ್ಚಿಗೆ ಬೇಕಾಗಿದ್ದೂ ಅಷ್ಟೇ ಜಾಗ.

ಅದೇ ಕೆಲಸದಲ್ಲಿ ಬಾಗಿಲು ಹೊರಗೆ ತೆರೆಯುವಂತೆಯೂ ಮಾಡಿಸಿದೆ. ಒಳಗೆ ಯಾರಾದರೂ ಜಾರಿಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲಿಗೆ ಬಿದ್ದವರ ಮೈಯೇ ಅಡ್ಡವಾಗುತ್ತದೆ, ಅಲ್ವಾ?

ಕಮೋಡ್ ಪಕ್ಕದ ಹಿಡಿಕಂಬಿಯ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಟವೆಲ್ ರಾಡ್ ಸಾಕು ಎನ್ನುವವರೇ ಜಾಸ್ತಿ. ಅದು ಮೈಭಾರ ತಡೆಯಲ್ಲ, ಕಿತ್ತು ಬರುತ್ತದೆ. ಟೈಲ್ ದಾಟಿ ಗಟ್ಟಿ ಗೋಡೆಯೊಳಗೆ ಆಂಕರ್ ಬೋಲ್ಟ್ ಇಳಿಸಿ ಕಂಬಿ ಕೂರಿಸಬೇಕು. ಗೋಡೆಗೂ ಕಂಬಿಗೂ ನಡುವೆ ಸುಮಾರು 4 ಸೆಂ.ಮೀ. ಸಂದು ಸಾಕು. ಬೆರಳು ಸಲೀಸಾಗಿ ಸುತ್ತಿಕೊಳ್ಳುತ್ತದೆ, ಮುಂಗೈ ಜಾರಿ ಒಳಗೆ ಸಿಕ್ಕಿಕೊಳ್ಳಲ್ಲ. ಎತ್ತರವನ್ನು ಪುಸ್ತಕದ ಲೆಕ್ಕಕ್ಕೆ ಬಿಡಲಿಲ್ಲ. ಅಮ್ಮನನ್ನೇ ಕೂರಿಸಿ, ಅವರ ಕೈ ತಾನಾಗಿ ಹೋದ ಕಡೆ ಪೆನ್ಸಿಲ್ ಗುರುತು ಹಾಕಿದೆ. ಡ್ರಿಲ್ ಬಂದದ್ದು ಆಮೇಲೆ.