‘ಪೇಪರ್ ಎಷ್ಟು ಮೇಡಂ?’

ಒಂದು ಶುಕ್ರವಾರ ಮಧ್ಯಾಹ್ನ, ಊಟದ ಡಬ್ಬಿ ಇನ್ನೂ ಮುಚ್ಚಿರಲಿಲ್ಲ, ವಿಸಿ ಕಚೇರಿಯಿಂದ ಫೋನ್ ಬಂತು. “ಮೇಡಂ, ಕಳೆದ ಮೂರು ವರ್ಷದಲ್ಲಿ ನಮ್ಮ ಸೈನ್ಸು, ಇಂಜಿನಿಯರಿಂಗ್‌ನವರು ಒಟ್ಟು ಎಷ್ಟು ಪೇಪರ್ ಪ್ರಕಟಿಸಿದಾರೆ? ಸಂಜೆಯೊಳಗೆ ಒಂದು ನಂಬರ್ ಕಳಿಸಿಬಿಡಿ.” ಪೇಪರ್ ಎಂದರೆ ಜರ್ನಲ್ಲಿನಲ್ಲಿ ಅಚ್ಚಾಗುವ ಸಂಶೋಧನಾ ಲೇಖನ. ಒಂದು ನಂಬರ್ ತಾನೇ ಅಂದುಕೊಂಡೆ. ಅದನ್ನು ಕಳಿಸಲು ನನಗೆ ಹಿಡಿದದ್ದು ಏಳು ತಿಂಗಳು.

ನಾನು ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಗ್ರಂಥಪಾಲಕಿ. ನಾನು ಸೇರಿದಾಗ ಅದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೆಳಗಿನ ಇಂಜಿನಿಯರಿಂಗ್ ಕಾಲೇಜು, ಆಮೇಲೆ ವಿಶ್ವವಿದ್ಯಾಲಯವಾಯಿತು. ಆ ಸಂಜೆ ನನ್ನ ಮೇಜಿನ ಮೇಲೆ ಮೂರು ನಂಬರ್ ಇದ್ದವು. ಎಚ್‌ಒಡಿಗಳು, ಅಂದರೆ ವಿಭಾಗದ ಮುಖ್ಯಸ್ಥರು, ಕಳಿಸಿದ್ದನ್ನೆಲ್ಲ ಕೂಡಿದರೆ ಸಾವಿರದ ನೂರರ ಮೇಲೆ. ರಿಸರ್ಚ್ ಡೀನ್ ಅವರ ಎಕ್ಸೆಲ್ಲಿನಲ್ಲಿ ಒಂಬೈನೂರು ಚಿಲ್ಲರೆ. ನಾವು ಚಂದಾ ಕಟ್ಟುವ, ಪೇಪರುಗಳನ್ನು ಪಟ್ಟಿಮಾಡುವ ಡೇಟಾಬೇಸ್‌ನಲ್ಲಿ ವಿಶ್ವವಿದ್ಯಾಲಯದ ಹೆಸರು ಹಾಕಿ ಹುಡುಕಿದರೆ ಆರುನೂರು. ಮೂರೂ ಒಂದೇ ಕ್ಯಾಂಪಸ್ಸಿನ ಲೆಕ್ಕ. “ದೊಡ್ಡದನ್ನೇ ಕಳಿಸಿ ಮೇಡಂ, ಯಾರ್ ಎಣಿಸ್ತಾರೆ?” ಅಂದರು ಕಚೇರಿಯವರು.

ಎಣಿಸುತ್ತಾರೆ. 2016ರಲ್ಲಿ ಮೊದಲ ಬಾರಿ ಪ್ರಕಟವಾದ, ಕೇಂದ್ರ ಸರ್ಕಾರ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗಿನಲ್ಲಿ ಇಂಜಿನಿಯರಿಂಗ್‌ಗೂ ವಿಶ್ವವಿದ್ಯಾಲಯಗಳಿಗೂ ನೂರಕ್ಕೆ 30 ಅಂಕ ಸಂಶೋಧನೆಯ ಪಾಲು. ಆ ಪಾಲಿನ ಪೇಪರ್ ಲೆಕ್ಕವನ್ನು ಅವರು ನಮ್ಮನ್ನು ಕೇಳುವುದೇ ಇಲ್ಲ. ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಇಂಥದೇ ಡೇಟಾಬೇಸುಗಳಿಂದ ತಾವೇ ತೆಗೆದುಕೊಳ್ಳುತ್ತಾರೆ. ನಾವು ಸಾವಿರವೆಂದು ಬರೆದು ಕಳಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಪೇಪರಿನ ಮೇಲೆ ನಮ್ಮ ವಿಳಾಸ ಹೇಗೆ ಅಚ್ಚಾಗಿದೆ ಎನ್ನುವುದೊಂದೇ ಮುಖ್ಯ. ಇದನ್ನು ಬಿಡಿಸಿ ಹೇಳಿದ ಮೇಲೆ ವಿಸಿ ಸಾಹೇಬರು, “ಹಾಗಾದ್ರೆ ಸರಿಯಾಗೇ ಎಣಿಸಿ” ಎಂದು ಒಬ್ಬ ಪ್ರಾಜೆಕ್ಟ್ ಅಸಿಸ್ಟೆಂಟ್ ಹುಡುಗನನ್ನು ಕೊಟ್ಟರು.

ಮೊದಲ ತಿಂಗಳು ಬರೀ ವಿಳಾಸದಲ್ಲೇ ಕಳೆಯಿತು. 2014ರ ನವೆಂಬರ್ 1ಕ್ಕೆ ಊರಿನ ಹೆಸರು ಅಧಿಕೃತವಾಗಿ ಬೆಂಗಳೂರು ಆಯಿತಲ್ಲ, ನಮ್ಮ ಮೇಷ್ಟ್ರುಗಳಲ್ಲಿ ಅರ್ಧ ಜನ ಇನ್ನೂ ಬ್ಯಾಂಗಲೋರಿನಲ್ಲೇ ಇದ್ದಾರೆ. ಕೆಲವರು ಎರಡೂ ಅಲ್ಲದ ಮೂರನೆಯ ಸ್ಪೆಲಿಂಗ್ ಕಂಡುಹಿಡಿದಿದ್ದಾರೆ. ಕಾಲೇಜಿನ ಹಳೆಯ ಹೆಸರು, ಹೊಸ ಹೆಸರು, ಹೊಸ ಹೆಸರಿನ ಮೂರಕ್ಷರ, ನಾಲ್ಕಕ್ಷರ, ಟ್ರಸ್ಟಿನ ಹೆಸರು ಮಾತ್ರ, ‘ಡಿಪಾರ್ಟ್‌ಮೆಂಟ್ ಆಫ್ ಮೆಕ್’ ಎಂದಷ್ಟೇ ಬರೆದು ಮುಂದೆ ಪಿನ್‌ಕೋಡ್. ಕಾಲೇಜಿನ ಹೆಸರು ಬಿಟ್ಟು ಬರೀ ‘ವಿಟಿಯು, ಬೆಳಗಾವಿ’ ಎಂದು ಬರೆದವರ ಪೇಪರುಗಳು ಇಲ್ಲಿಂದ ಐನೂರು ಕಿಲೋಮೀಟರ್ ಆಚೆ ಹೋಗಿ ಕೂತಿದ್ದವು. ಓಪನ್‌ರಿಫೈನ್ ಎಂಬ ಉಚಿತ ತಂತ್ರಾಂಶವಿದೆ. ಒಂದೇ ಥರ ಕಾಣುವ ಹೆಸರುಗಳನ್ನು ಗುಂಪು ಮಾಡಿ ತೋರಿಸುತ್ತದೆ. ಅದರಲ್ಲಿ ಹಾಕಿದಾಗ ನಮ್ಮ ಒಂದು ವಿಶ್ವವಿದ್ಯಾಲಯಕ್ಕೆ 41 ರೂಪ ಸಿಕ್ಕವು. ಆದರೆ ಯಂತ್ರ ಗುಂಪು ಮಾಡಿದ್ದನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಈ ಊರಿನಲ್ಲಿ ‘ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ’ಗಳಿಗೆ ಬರವೇ? ನಮ್ಮದೇ ಟ್ರಸ್ಟಿನ ಬೇರೆ ಜಿಲ್ಲೆಯ ಕಾಲೇಜೊಂದನ್ನು ಅದು ನಮ್ಮೊಳಗೆ ಸೇರಿಸಿಬಿಟ್ಟಿತ್ತು. ಅವರ ಪೇಪರ್ ನಮ್ಮ ಲೆಕ್ಕಕ್ಕೆ ಬಂದರೆ ನಮಗೇನೋ ಖುಷಿ, ಅವರು ಸುಮ್ಮನಿರಬೇಕಲ್ಲ.

ವಿಳಾಸ ಮುಗಿಯಿತು ಎಂದು ಉಸಿರುಬಿಡುವಷ್ಟರಲ್ಲಿ ಮನುಷ್ಯರ ಹೆಸರು ಬಂತು. ನಿಜವಾದ ಕಷ್ಟ ಅಲ್ಲಿದೆ. ಈ ಡೇಟಾಬೇಸುಗಳು ‘ಕೊನೆಯ ಹೆಸರು, ಮೊದಲ ಹೆಸರು’ ಎಂಬ ಲೆಕ್ಕದಲ್ಲಿ ನಡೆಯುತ್ತವೆ. ನಮ್ಮಲ್ಲಿ ಕೊನೆಯ ಹೆಸರು ಎಲ್ಲಿದೆ? ಕೆ. ಎಸ್. ರಮೇಶ ಎಂದು ಒಂದು ಹೆಸರು ಇಟ್ಟುಕೊಳ್ಳಿ. ಕೆ ಎಂದರೆ ಊರು, ಎಸ್ ಎಂದರೆ ಅಪ್ಪ, ರಮೇಶ ಎಂದರೆ ಅವನೇ. ಒಂದು ಪೇಪರಿನಲ್ಲಿ ಅವನು ‘ರಮೇಶ ಕೆ. ಎಸ್.’ ಎಂದು ಬರೆದರೆ, ಕೆ. ಎಸ್. ಮನೆತನದ ಹೆಸರಾಗಿ ರಮೇಶ ಬರೀ ‘ಆರ್.’ ಆಗುತ್ತಾನೆ. ಇನ್ನೊಂದರಲ್ಲಿ ಇನಿಷಿಯಲ್ ಬಿಡಿಸಿ ಬರೆಯಿರಿ ಎಂದದ್ದಕ್ಕೆ ಊರಿನ ಹೆಸರು ಪೂರ್ತಿ ಬರೆಯುತ್ತಾನೆ. ಮತ್ತೊಂದರಲ್ಲಿ ಫಾರಂ ಕೊನೆಯ ಹೆಸರಿಲ್ಲದೆ ಮುಂದೆ ಹೋಗುವುದಿಲ್ಲ, ಇವನಿಗೆ ಆ ಹೆಸರಿಲ್ಲ, ಎರಡೂ ಕಡೆ ರಮೇಶ ಎಂದೇ ತುಂಬಿ ‘ರಮೇಶ ರಮೇಶ’ ಆಗುತ್ತಾನೆ. ಒಬ್ಬನೇ ಮನುಷ್ಯ, ನಾಲ್ಕು ಪ್ರೊಫೈಲು, ನಾಲ್ಕರಲ್ಲೂ ಹರಿದುಹಂಚಿದ ಸೈಟೇಷನ್ನು, ಅಂದರೆ ಬೇರೆಯವರು ಅವನ ಪೇಪರನ್ನು ಉಲ್ಲೇಖಿಸಿದ ಲೆಕ್ಕ. ಇದರ ಉಲ್ಟಾ ಕೂಡ ಉಂಟು. ಒಂದು ಕಡೆ ‘ಕುಮಾರ್ ಎಸ್.’ ಎಂಬ ಒಂದೇ ಪ್ರೊಫೈಲಿನಲ್ಲಿ ರೇಷ್ಮೆ ಹುಳು, ಹಲ್ಲಿನ ಕ್ಲಿಪ್ಪು, ಮಷೀನ್ ಲರ್ನಿಂಗ್ ಎಲ್ಲ ಸೇರಿಕೊಂಡು, ಆ ಮನುಷ್ಯ ಸರ್ವಜ್ಞನಂತೆ ಕಾಣುತ್ತಿದ್ದ. ನಮ್ಮ ಕುಮಾರ್ ಅವರದು ಅದರಲ್ಲಿ ಆರು ಪೇಪರ್.

ಹೆಣ್ಣುಮಕ್ಕಳದು ಇನ್ನೊಂದು ಪಾಡು. ಮದುವೆಗೆ ಮುಂಚೆ ಅಪ್ಪನ ಇನಿಷಿಯಲ್, ಆಮೇಲೆ ಗಂಡನದು. ನಮ್ಮ ಕೆಮಿಸ್ಟ್ರಿಯ ಒಬ್ಬ ಮೇಡಂ ಅವರ ಪಿಎಚ್‌ಡಿ ಕಾಲದ ಒಳ್ಳೆಯ ಪೇಪರೆಲ್ಲ ‘ಬೇರೆ ಯಾರದೋ’ ಆಗಿತ್ತು. ಬಡ್ತಿ ಸಂದರ್ಶನದಲ್ಲಿ ಅದು ತಾನೇ ಎಂದು ಸಾಬೀತುಮಾಡಲು ಮದುವೆ ಸರ್ಟಿಫಿಕೇಟ್ ತೆಗೆದುಕೊಂಡು ಹೋಗಿದ್ದರಂತೆ.

ಈ ಕೆಲಸ ಮಾಡುವಾಗ ನನಗೆ ಪದೇಪದೇ ನೆನಪಾದದ್ದು ಎಸ್. ಆರ್. ರಂಗನಾಥನ್. ನಮ್ಮ ವೃತ್ತಿಯವರಿಗೆಲ್ಲ ಅವರು ಅಜ್ಜನಿದ್ದಂತೆ. 1962ರಲ್ಲಿ ಇದೇ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನ ಕಲಿಸುವ ಡಿಆರ್‌ಟಿಸಿ ಕಟ್ಟಿದವರು. ಗ್ರಂಥಾಲಯದ ಕೆಲಸಕ್ಕೆ ಗಣಿತ ಹಚ್ಚುವುದಕ್ಕೆ ‘ಲೈಬ್ರಮೆಟ್ರಿ’ ಎಂಬ ಪದವನ್ನು 1948ರಲ್ಲೇ ಮುಂದಿಟ್ಟವರು. ಅವರ ಎಸ್. ಆರ್. ಎಂದರೇನು? ಶಿಯಾಳಿ ಎಂದರೆ ಊರು, ರಾಮಾಮೃತ ಎಂದರೆ ಅಪ್ಪ. ಸರ್ ಎಂ. ವಿಶ್ವೇಶ್ವರಯ್ಯನವರ ಎಂ ಕೂಡ ಮೋಕ್ಷಗುಂಡಂ, ಪೂರ್ವಿಕರ ಊರು. ಸಿ. ಎನ್. ಆರ್. ರಾವ್ ಅವರ ಸಿ ಚಿಂತಾಮಣಿ. ಸಾವಿರದೈನೂರಕ್ಕೂ ಮೇಲೆ ಪೇಪರ್ ಬರೆದ ಅವರನ್ನು ಯಾವ ಡೇಟಾಬೇಸೂ ಕಳೆಯುವುದಿಲ್ಲ ಬಿಡಿ. ಕಳೆದುಹೋಗುವವರು ವರ್ಷಕ್ಕೆ ಎರಡು ಪೇಪರ್ ಬರೆಯುವ ನಮ್ಮಂಥ ಕಡೆಯವರು.

ಪರಿಹಾರ ಹೊಸದೇನಲ್ಲ. ಆರ್ಕಿಡ್ ಎಂಬುದೊಂದಿದೆ, ಹೂವಲ್ಲ, 2012ರಲ್ಲಿ ಶುರುವಾದ ಸಂಶೋಧಕರ ಗುರುತಿನ ಸಂಖ್ಯೆ. ಹದಿನಾರು ಸ್ಥಾನ, ಉಚಿತ. ಹೆಸರು, ಊರು, ಗಂಡ, ಕೆಲಸ ಯಾವುದು ಬದಲಾದರೂ ಅದು ಬದಲಾಗುವುದಿಲ್ಲ. ಇಮೇಲ್ ಕಳಿಸಿದೆ, ‘ಎಲ್ಲರೂ ಕಡ್ಡಾಯವಾಗಿ’ ಎಂದು ಸುತ್ತೋಲೆ ಹೊರಡಿಸಿದೆವು. ಹತ್ತರಲ್ಲಿ ಇಬ್ಬರು ಮಾಡಿಕೊಂಡರು. ಕೊನೆಗೆ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ವಿಭಾಗದಿಂದ ವಿಭಾಗಕ್ಕೆ ನಾನೇ ಹೊರಟೆ. ಸಿವಿಲ್ಲಿನವರು ಹನ್ನೊಂದೂವರೆಗೆ ಕಾಫಿಗೆ ಕೂಡುತ್ತಾರೆ, ಎಲೆಕ್ಟ್ರಾನಿಕ್ಸ್‌ನವರು ಮೂರಕ್ಕೆ. ಕಾಫಿ ಲೋಟ ಕೈಯಲ್ಲಿರುವಾಗ ಯಾರೂ ಆಗಲ್ಲ ಅನ್ನುವುದಿಲ್ಲ. ಐದು ನಿಮಿಷದಲ್ಲಿ ಒಬ್ಬರದು ಮುಗಿಯುತ್ತದೆ, ಪಾಸ್‌ವರ್ಡ್ ಮರೆತಿಲ್ಲದಿದ್ದರೆ.

ಇನ್ನು ಎರಡೆರಡು ಸಲ ಎಣಿಸಿದ್ದರ ಕಥೆ. ಎಚ್‌ಒಡಿಗಳ ಮೊತ್ತ ಅಷ್ಟು ದೊಡ್ಡದಾದದ್ದು ಯಾರ ಸುಳ್ಳಿನಿಂದಲೂ ಅಲ್ಲ. ಮೆಕ್ಯಾನಿಕಲ್, ಕೆಮಿಸ್ಟ್ರಿ, ಫಿಸಿಕ್ಸ್ ಮೂವರು ಸೇರಿ ಬರೆದ ಒಂದು ಪೇಪರ್ ಮೂರು ವಿಭಾಗದ ಪಟ್ಟಿಯಲ್ಲೂ ಇತ್ತು. ವಿಭಾಗದ ಮಟ್ಟಿಗೆ ಮೂರೂ ಸರಿ, ಕೂಡಿದಾಗ ತಪ್ಪು. ಡಿಸೆಂಬರಿನಲ್ಲಿ ಆನ್‌ಲೈನ್ ಬಂದು ಮಾರ್ಚ್ ಸಂಚಿಕೆಗೆ ಸೇರಿದ ಪೇಪರ್ ಎರಡು ವರ್ಷದಲ್ಲೂ ಇತ್ತು. ನಾನು ಡಿಒಐ ಒಂದನ್ನೇ ಹಿಡಿದುಕೊಂಡೆ. 10ರಿಂದ ಶುರುವಾಗುವ ಆ ಸಂಖ್ಯೆ ಪೇಪರಿನ ಆಧಾರ್ ಇದ್ದಂತೆ. ಆದರೆ ಎಕ್ಸೆಲ್ಲಿನಲ್ಲಿ ಒಬ್ಬರು ಅದನ್ನು ಪೂರ್ತಿ ಕೊಂಡಿಯಾಗಿ ಹಾಕಿರುತ್ತಾರೆ, ಒಬ್ಬರು ಬರೀ ಸಂಖ್ಯೆ, ಒಬ್ಬರು ಕೊನೆಗೊಂದು ಚುಕ್ಕಿ ಸೇರಿಸಿ. ಮೊದಲು ಕೊಂಡಿಯ ಭಾಗ ಕತ್ತರಿಸಿ, ಎಲ್ಲವನ್ನೂ ಚಿಕ್ಕಕ್ಷರಕ್ಕೆ ಇಳಿಸಿ, ಖಾಲಿ ಜಾಗ ತೆಗೆದು, ಆಮೇಲೆ ಹೋಲಿಸಬೇಕು. ಡಿಒಐಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ಭೇದವಿಲ್ಲ, ಕೆಲವು ತಂತ್ರಾಂಶಗಳಿಗೆ ಇದೆ. ಒಂದೇ ಮಧ್ಯಾಹ್ನದಲ್ಲಿ ಇನ್ನೂರಕ್ಕೂ ಹೆಚ್ಚು ಪೇಪರ್ ಮಾಯವಾದವು. ನಮ್ಮ ಹುಡುಗ, “ಮೇಡಂ, ಇದನ್ನ ನೀವೇ ಹೋಗಿ ಹೇಳಿ, ನಾನಂತೂ ಹೇಳಲ್ಲ” ಅಂದ.

ಅದಕ್ಕಿಂತ ಜೋರು ಗಲಾಟೆಯಾದದ್ದು ಬೇರೆ ವಿಷಯಕ್ಕೆ. ಆ ವರ್ಷ ಹೊಸದಾಗಿ ಸೇರಿದ ಒಬ್ಬ ಪ್ರೊಫೆಸರ್ ತಮ್ಮ ಹಿಂದಿನ ಕಾಲೇಜಿನ ವಿಳಾಸದಲ್ಲಿ ಬಂದ ಹದಿನಾಲ್ಕು ಪೇಪರನ್ನೂ ನಮ್ಮ ಪಟ್ಟಿಗೆ ಕೊಟ್ಟಿದ್ದರು. ನಾನು ತೆಗೆದೆ. “ಪೇಪರ್ ನಂದು, ನಾನು ಇಲ್ಲಿದೀನಿ, ಮತ್ತೆ ಪೇಪರ್ ಅಲ್ಲಿ ಹೇಗೆ ಮೇಡಂ?” ಎಂದು ಗ್ರಂಥಾಲಯಕ್ಕೇ ಬಂದರು. ಅವರ ಮಾತಿನಲ್ಲಿ ನ್ಯಾಯವಿಲ್ಲ ಅಂತಲ್ಲ. ಆದರೆ ಪ್ರೊಫೈಲು ಮನುಷ್ಯನ ಜೊತೆ ಬರುತ್ತದೆ, ಪೇಪರಿನ ವಿಳಾಸ ಬರುವುದಿಲ್ಲ. ಸಂಸ್ಥೆಯ ಲೆಕ್ಕ ಅಚ್ಚಾದ ವಿಳಾಸದ ಮೇಲೆ. ಹಾಗೆಯೇ ನಮ್ಮನ್ನು ಬಿಟ್ಟುಹೋದವರ ಪೇಪರ್ ನಮ್ಮಲ್ಲೇ ಉಳಿಯುತ್ತದೆ. ಅಂಥವು ಮೂವತ್ತರ ಹತ್ತಿರ ಇದ್ದವು, ಅವರು ಹೋದ ಮೇಲೆ ಯಾವ ಎಚ್‌ಒಡಿಯೂ ಅದನ್ನು ಬರೆದಿರಲಿಲ್ಲ. ಹದಿನಾಲ್ಕು ಹೋಗಿ ಮೂವತ್ತು ಬಂತು ಎಂದಾಗ ಡೀನ್ ಸಮಾಧಾನವಾದರು. ಆ ಪ್ರೊಫೆಸರ್ ಮಾತ್ರ ಒಂದು ಸೆಮಿಸ್ಟರ್ ನನ್ನ ಜೊತೆ ಮಾತಾಡಲಿಲ್ಲ.

ಜರ್ನಲುಗಳ ಗುಣಮಟ್ಟದ ಬಗ್ಗೆ ಬಹಳ ಬರೆಯಬಹುದು, ನಾನು ಮಾಡಿದ್ದನ್ನಷ್ಟೇ ಹೇಳುತ್ತೇನೆ. ಯುಜಿಸಿ 2019ರಲ್ಲಿ ತಂದ, ಒಪ್ಪಬಹುದಾದ ಜರ್ನಲುಗಳ ‘ಕೇರ್’ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಯಾವುದು ಒಳ್ಳೆಯ ಜರ್ನಲ್ ಎಂದು ತೂಗುವ ಹೊಣೆ ಈಗ ನಮ್ಮದೇ. ನಮ್ಮ ಒಬ್ಬ ಅಸಿಸ್ಟೆಂಟ್ ಪ್ರೊಫೆಸರ್ ಹನ್ನೆರಡು ಸಾವಿರ ರೂಪಾಯಿ ಕಟ್ಟಿ ಪ್ರಕಟಿಸಿದ್ದು ಒಂದು ಅಸಲಿ ಜರ್ನಲ್ಲಿನ ನಕಲಿ ವೆಬ್‌ಸೈಟಿನಲ್ಲಿ. ಹೆಸರು ಅದೇ, ಜರ್ನಲ್ಲಿನ ಗುರುತಿನ ಸಂಖ್ಯೆಯಾದ ಐಎಸ್‌ಎಸ್‌ಎನ್ ಅದೇ, ಹಣ ಹೋದದ್ದು ಮಾತ್ರ ಬೇರೆ ಕಡೆ. ಐಎಸ್‌ಎಸ್‌ಎನ್ ಸರಿಯಿದೆ ಎಂದು ಸಮಾಧಾನ ಮಾಡಿಕೊಳ್ಳಬೇಡಿ, ಕದಿಯುವವರು ಮೊದಲು ಕದಿಯುವುದು ಅದನ್ನೇ. ನಾನು ಡಿಒಐ ಒತ್ತಿ ನೋಡುತ್ತೇನೆ, ಅದು ಬಿಚ್ಚಿಕೊಳ್ಳುವುದು ಅದೇ ಪ್ರಕಾಶಕರ ಪುಟದಲ್ಲೇ ಎಂದು. ಇನ್ನೊಂದು, ಹಿಂಪಡೆದ ಪೇಪರುಗಳು, ಅಂದರೆ ತಪ್ಪೋ ಮೋಸವೋ ಕಂಡು ಪ್ರಕಟವಾದ ಮೇಲೆ ರದ್ದಾದವು. ರಿಟ್ರ್ಯಾಕ್ಷನ್ ವಾಚ್‌ನ ಪಟ್ಟಿಯನ್ನು 2023ರಲ್ಲಿ ಡಿಒಐ ನೋಂದಾಯಿಸುವ ಸಂಸ್ಥೆ ಕ್ರಾಸ್‌ರೆಫ್ ಕೊಂಡು ಎಲ್ಲರಿಗೂ ಉಚಿತ ಮಾಡಿದೆ. ನಮ್ಮ ಡಿಒಐಗಳನ್ನು ಅದರ ಜೊತೆ ತಾಳೆ ಹಾಕಿದೆ. ಎರಡು ಸಿಕ್ಕವು. ಇಬ್ಬರಲ್ಲಿ ಒಬ್ಬರಿಗೆ ತಮ್ಮ ಪೇಪರ್ ಹಿಂಪಡೆದಿದ್ದಾರೆ ಎನ್ನುವುದೇ ಗೊತ್ತಿರಲಿಲ್ಲ. ಹೆಸರು ಸೇರಿಸಿದ್ದು ಗೆಳೆಯರಂತೆ.

ನಡುವೆ ಲೆಕ್ಕಕ್ಕೆ ಸಂಬಂಧವಿಲ್ಲದ ಒಂದು ಕೆಲಸ ಮಾಡಿದೆ. ನಿವೃತ್ತರಾದ ಸಿವಿಲ್ ಮೇಷ್ಟ್ರೊಬ್ಬರ ಮನೆ ಜಯನಗರದಲ್ಲಿದೆ. ಹಳೆಯ ಪೇಪರ್ ಇದ್ದರೆ ನಮ್ಮ ಡಿಸ್ಪೇಸ್ ಎಂಬ ಡಿಜಿಟಲ್ ಸಂಗ್ರಹಕ್ಕೆ ಸ್ಕ್ಯಾನ್ ಮಾಡೋಣ ಎಂದು ಹೋದೆ. ಟಾಟಾ ಇನ್‌ಸ್ಟಿಟ್ಯೂಟಿನವರು, ಅಂದರೆ ಐಐಎಸ್‌ಸಿಯವರು, 2002ರಲ್ಲೇ ತಮ್ಮ ಪೇಪರುಗಳ ಇಂಥ ತೆರೆದ ಸಂಗ್ರಹ ಶುರುಮಾಡಿದ್ದರು. ನಾವು ಎರಡು ದಶಕ ತಡ. ಮೇಷ್ಟ್ರು ಮಂಚದಡಿಯಿಂದ ರೆಕ್ಸಿನ್ ಚೀಲ ಎಳೆದರು. ಅದರಲ್ಲಿ ಸದಾಶಿವನಗರದ ವಿಜ್ಞಾನ ಅಕಾಡೆಮಿ ತರುವ ‘ಸಾಧನಾ’ದಲ್ಲಿ ಬಂದ ಒಂದು ಲೇಖನ. ಉಳಿದದ್ದೆಲ್ಲ ಟೈಪ್ ಮಾಡಿದ ವರದಿಗಳು: ಯಾವುದೋ ಸೇತುವೆಯ ಬಿರುಕು, ಯಾವುದೋ ನೀರಿನ ಟ್ಯಾಂಕು, ಊರಾಚೆಯ ಒಂದು ಕೆರೆ ಏರಿಯ ಜಿನುಗು.

“ಇವು ಪೇಪರ್ ಅಲ್ಲಮ್ಮ, ರಿಪೋರ್ಟು. ನಿಮ್ಮ ಲೆಕ್ಕಕ್ಕೆ ಬರಲ್ಲ.”

ಆ ಏರಿ ಆಮೇಲೆ ಸರಿಹೋಯಿತೇ ಸಾರ್ ಎಂದೆ.

“ಏರಿಗೇನಾಗಿಲ್ಲ, ಗಟ್ಟಿಯಾಗಿದೆ. ಕೆರೆ ಹೋಯ್ತು. ಲೇಔಟ್ ಆಗಿದೆ ಈಗ.”

ಎಲ್ಲವನ್ನೂ ಸ್ಕ್ಯಾನ್ ಮಾಡಿ ಹಾಕಿದ್ದೇನೆ. ಎನ್‌ಐಆರ್‌ಎಫ್‌ನ ಒಂದು ಅಂಕವೂ ಅದರಿಂದ ಬಂದಿಲ್ಲ. ಕಳೆದ ತಿಂಗಳು ಒಬ್ಬ ಎಂಟೆಕ್ ಹುಡುಗ ಆ ಏರಿಯ ವರದಿಯನ್ನು ಕೇಳಿಕೊಂಡು ಬಂದಿದ್ದ.

ಏಳು ತಿಂಗಳಾದ ಮೇಲೆ ಕಳಿಸಿದ ನಂಬರ್ 748. ಎಚ್‌ಒಡಿಗಳ ಲೆಕ್ಕಕ್ಕಿಂತ ಬಹಳ ಕಡಿಮೆ, ಡೇಟಾಬೇಸ್ ತೋರಿಸುತ್ತಿದ್ದದ್ದಕ್ಕಿಂತ ಸಾಕಷ್ಟು ಹೆಚ್ಚು. ಹೆಚ್ಚಿಗೆ ಸಿಕ್ಕಿದ್ದರಲ್ಲಿ ಡೇಟಾಬೇಸಿನೊಳಗೆ ಇದ್ದೂ ಬೇರೆ ವಿಳಾಸದಡಿ ಕೂತವಕ್ಕೆ ತಿದ್ದುಪಡಿ ಅರ್ಜಿ ಹಾಕಿದೆವು, ಪ್ರತಿಯೊಂದಕ್ಕೂ ಪೇಪರಿನ ಮೊದಲ ಪುಟ ಲಗತ್ತಿಸಿ. ಅಷ್ಟರಲ್ಲಿ ವಿಸಿ ಬದಲಾಗಿದ್ದರು. ಹೊಸಬರ ಕಚೇರಿಯಿಂದ ಬಂದ ಉತ್ತರ, “ಇದು ಹಳೇದಾಯ್ತಲ್ಲ ಮೇಡಂ, ಈ ವರ್ಷದ್ದು?”

ಹಾಗಾಗಿ ಈಗ ಮಂಗಳವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ಒಂದು ಮೇಜು ಹಾಕಿ ಕೂರುತ್ತೇನೆ. ಹೊಸ ಪಿಎಚ್‌ಡಿ ವಿದ್ಯಾರ್ಥಿಗಳು ಮೊದಲ ಪೇಪರ್ ಕಳಿಸುವ ಮುಂಚೆ ಅಲ್ಲಿ ಬಂದು ಹೋಗಬೇಕು. ವಿಳಾಸ ಹೀಗೇ ಬರೆಯಬೇಕು ಎಂದು ಒಂದು ಸಾಲು ಅಚ್ಚುಹಾಕಿಸಿ ಕೊಡುತ್ತೇವೆ, ಹೆಸರು ಹೇಗೆಂದು ಅವರೇ ತೀರ್ಮಾನಿಸಬೇಕು. ಹೋದ ವಾರ ಬಯೋಟೆಕ್ನಾಲಜಿಯ ಹುಡುಗಿಯೊಬ್ಬಳು ಬಂದಿದ್ದಳು. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಒಂದು ಕೆ. ಅದನ್ನು ಬಿಡಿಸಿ ಬರೆಯಮ್ಮ ಎಂದೆ. ಊರು ಕೆಯಿಂದ ಶುರುವಾಗುವುದಿಲ್ಲ, ಅಪ್ಪನ ಹೆಸರೂ ಅಲ್ಲ. ಅಲ್ಲೇ ಹೊರಗೆ ಹೋಗಿ ಅಪ್ಪನಿಗೆ ಫೋನ್ ಮಾಡಿದಳು. ಐದು ನಿಮಿಷ ಬಿಟ್ಟು ನಗುತ್ತ ಒಳಗೆ ಬಂದಳು.

“ಅಪ್ಪಂಗೂ ಗೊತ್ತಿಲ್ವಂತೆ ಮೇಡಂ. ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರೇ ಹಾಕ್ಕೊಂಡ್ರಂತೆ.”

ಆರ್ಕಿಡ್ ಫಾರಂನಲ್ಲಿ ಕೊನೆಯ ಹೆಸರು ಕಡ್ಡಾಯವಲ್ಲ. ಖಾಲಿ ಬಿಡು ಎಂದೆ. ಜರ್ನಲ್ಲಿನ ಫಾರಂ ಬಿಡುವುದಿಲ್ಲವಲ್ಲ ಮೇಡಂ ಎಂದಳು. ಸ್ವಲ್ಪ ಹೊತ್ತು ಯೋಚಿಸಿ ಆ ಖಾನೆಯಲ್ಲಿ ತನ್ನ ಊರಿನ ಹೆಸರನ್ನು ಹಾಕಿದಳು, ಸ್ಪೆಲಿಂಗ್ ನನ್ನನ್ನು ಎರಡು ಸಲ ಕೇಳಿ.