ಅಂಬಾಸಡರ್‌ಗೆ ಮೀಟರ್ ಕೇಬಲ್ ಎರಡು ಸಲ ಹಾಕಿದ್ದು ಯಾಕೆ?

ನಮ್ಮನೆ ಅಂಬಾಸಡರ್ 1986ರದ್ದು, ಪೆಟ್ರೋಲ್ ಗಾಡಿ. ಮೊದಲು ಅಪ್ಪ ಓಡಿಸುತ್ತಿದ್ದರು, ಈಗ ನಾನು. ಸಂಡೂರಿಂದ ಬಳ್ಳಾರಿಗೆ ವಾಪಸ್ ಬರುವಾಗ ಒಂದು ದಿನ ಸ್ಪೀಡೋಮೀಟರ್ ಮುಳ್ಳು ಕುಣಿಯೋಕೆ ಶುರು ಮಾಡಿತು. 30, 50, ಮತ್ತೆ 20. ಡ್ಯಾಶ್‌ಬೋರ್ಡ್ ಒಳಗಿಂದ ಕಿರಕಿರ ಸದ್ದು. ತೋರಣಗಲ್ಲು ದಾಟುವಷ್ಟರಲ್ಲಿ ಟಕ್ ಅಂತು, ಮುಳ್ಳು ಸೊನ್ನೆಗೆ ಬಿದ್ದು ಅಲ್ಲೇ ಉಳಿಯಿತು. ಕಿಲೋಮೀಟರ್ ಅಂಕಿಯೂ ನಿಂತಿತು.

ಎರಡೂ ಒಟ್ಟಿಗೆ ನಿಂತರೆ ಮೊದಲು ಕೇಬಲ್ ನೋಡಬೇಕು. ಮುಳ್ಳು ಮಾತ್ರ ಸತ್ತು ಅಂಕಿ ತಿರುಗುತ್ತಿದ್ದರೆ ತೊಂದರೆ ಮೀಟರ್ ಒಳಗಿರುತ್ತದೆ. ಯಾಕಂದ್ರೆ ಗೇರ್‌ಬಾಕ್ಸ್ ಹಿಂಬದಿಯ ಸಣ್ಣ ಹಲ್ಲಿನ ಚಕ್ರ ಕೇಬಲ್ ಒಳಗಿನ ತಂತಿಯನ್ನು ತಿರುಗಿಸುತ್ತದೆ, ಆ ಒಂದೇ ತಂತಿ ಮೀಟರ್‌ನಲ್ಲಿ ಅಂಕಿಯನ್ನೂ ತಿರುಗಿಸಬೇಕು, ಒಂದು ಅಯಸ್ಕಾಂತವನ್ನೂ ತಿರುಗಿಸಬೇಕು. ಅಯಸ್ಕಾಂತದ ಸುತ್ತ ಅಲ್ಯೂಮಿನಿಯಂ ಬಟ್ಟಲು ಇರುತ್ತದೆ. ಒಂದಕ್ಕೊಂದು ತಾಗೋದೇ ಇಲ್ಲ. ಆದರೂ ಅಯಸ್ಕಾಂತ ತಿರುಗಿದ ಹಾಗೆ ಬಟ್ಟಲನ್ನು ಎಳೆಯುತ್ತದೆ, ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಹಿಡಿಯುತ್ತದೆ, ಮುಳ್ಳು ಏಳುತ್ತದೆ. ನನಗೆ ಇವತ್ತಿಗೂ ಇದು ಬಹಳ ಚಂದದ ಉಪಾಯ ಅನಿಸುತ್ತದೆ.

ಹೊಸ ಕೇಬಲ್‌ಗಾಗಿ ಬಳ್ಳಾರಿಯಲ್ಲಿ ಎರಡು ದಿನ ಹುಡುಕಿದೆ, ಸಿಗಲಿಲ್ಲ. ಬೆಂಗಳೂರಿನ ಜೆ.ಸಿ. ರೋಡಿಂದ ಸ್ನೇಹಿತ ಬಸ್ ಪಾರ್ಸೆಲ್‌ನಲ್ಲಿ ಕಳಿಸಿಕೊಟ್ಟ. ಹಳೆ ಕೇಬಲ್ ಪಕ್ಕ ಇಟ್ಟು ಉದ್ದ ಅಳೆದೆ, ಸರಿ ಇತ್ತು. ಇದನ್ನು ಅಳೆಯದೆ ಹಾಕಬೇಡಿ. ಉದ್ದ ಜಾಸ್ತಿ ಇದ್ದರೆ ಎಲ್ಲೋ ಒಂದು ಕಡೆ ಸುತ್ತಿ ತುರುಕಬೇಕಾಗುತ್ತದೆ, ಆ ತಿರುವಿನಲ್ಲೇ ತಂತಿ ಉಜ್ಜುತ್ತದೆ.

ನಿಜವಾದ ಕಷ್ಟ ಗೇರ್‌ಬಾಕ್ಸ್ ಕಡೆಯ ನಟ್‌ದು. ನಮ್ಮ ಕಡೆ ಅದಿರು ಲಾರಿಗಳ ಕೆಂಪು ಧೂಳು ಗೊತ್ತಲ್ವಾ. ಅದು ಆಯಿಲ್ ಜೊತೆ ಸೇರಿ ಇಟ್ಟಿಗೆ ಥರ ಗಟ್ಟಿಯಾಗಿ ಕೂತಿತ್ತು, ನಟ್ ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ. ರಾತ್ರಿ ಡೀಸೆಲ್ ಅದ್ದಿದ ಬಟ್ಟೆ ಸುತ್ತಿ ಬಿಟ್ಟೆ. ಬೆಳಿಗ್ಗೆ ತಂತಿ ಬ್ರಷ್‌ನಲ್ಲಿ ಉಜ್ಜಿದ ಮೇಲೆ ಕೈಯಲ್ಲೇ ಬಿಚ್ಚಿತು. ಗಾಡಿ ಎತ್ತಿದಾಗ ಜಾಕಿ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ, ಸ್ಟ್ಯಾಂಡ್ ಕೊಟ್ಟೇ ಹೋಗಿ.

ಹೊಸ ಕೇಬಲ್ ಹಾಕಿದೆ, ಮುಳ್ಳು ಎದ್ದಿತು, ಖುಷಿಯಾಯಿತು. ಮೂರನೇ ವಾರಕ್ಕೆ ಮತ್ತೆ ಟಕ್.

ಸಿಟ್ಟು ಬಂತು. ಕೇಬಲ್ಲೇ ಕಳಪೆ ಅಂದುಕೊಂಡೆ. ಆದರೆ ಒಳತಂತಿ ಹೊರಗೆಳೆದು ಹಳೆಯದರ ಪಕ್ಕ ಇಟ್ಟಾಗ ಸುಮ್ನೆ ನೋಡುತ್ತಾ ಕೂತೆ. ಎರಡೂ ಒಂದೇ ಜಾಗದಲ್ಲಿ ತುಂಡಾಗಿದ್ದವು. ಮೀಟರ್‌ಗೆ ಕೂರುವ ಚೌಕಾಕಾರದ ತುದಿಯಿಂದ ಎರಡು ಬೆರಳು ಕೆಳಗೆ, ಹುರಿ ಬಿಚ್ಚಿದ ಹಗ್ಗದ ಹಾಗೆ ಎಳೆ ಎಳೆಯಾಗಿ. ಸವೆದು ಹರಿದದ್ದಲ್ಲ, ತಿರುಚಿ ಹರಿದದ್ದು. ಕೆಳಗಿನಿಂದ ಗೇರ್‌ಬಾಕ್ಸ್ ತಿರುಗಿಸುತ್ತಿದೆ, ಮೇಲೆ ಯಾರೋ ಹಿಡಿದುಕೊಂಡಿದ್ದಾರೆ ಅಂದ ಹಾಗೆ.

ಆಮೇಲೆ ಮೀಟರ್ ಹೊರಗೆ ತೆಗೆದೆ. ಬ್ಯಾಟರಿ ವೈರ್ ಮೊದಲು ಬಿಚ್ಚಿ, ಅಲ್ಲಿ ಲೈಟಿನ ವೈರುಗಳೂ ಇರುತ್ತವೆ. ತುಂಡಾದ ತಂತಿಯ ಚೌಕದ ತುದಿಯನ್ನೇ ಹಿಂದಿನ ತೂತಿಗೆ ಹಾಕಿ ಬೆರಳಲ್ಲಿ ತಿರುಗಿಸಿದೆ. ಸಲೀಸಾಗಿ ತಿರುಗಬೇಕಾದದ್ದು, ಅಂಟಿನಲ್ಲಿ ಸಿಕ್ಕ ಹಾಗೆ ತಡೆದು ತಡೆದು ತಿರುಗಿತು. ಒಳಗೆ ಹಳೆ ಗ್ರೀಸ್ ಮೇಣದ ಥರ ಗಟ್ಟಿಯಾಗಿತ್ತು. ಹಿಂದೆ ಯಾವಾಗಲೋ ಯಾರೋ ಕೇಬಲ್‌ನ ಮೇಲಿನ ತುದಿವರೆಗೂ ಗ್ರೀಸ್ ಬಳಿದಿದ್ದಾರೆ. ತಂತಿ ತಿರುಗುತ್ತಾ ತಿರುಗುತ್ತಾ ಅದು ಮೇಲಕ್ಕೆ ಹತ್ತಿ ಮೀಟರ್ ಸೇರಿಕೊಂಡಿದೆ.

ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಪೆಟ್ರೋಲ್‌ನಲ್ಲಿ ಸ್ವಲ್ಪವೇ ಅದ್ದಿ, ಅಂಗಳದಲ್ಲಿ ಗಾಳಿಗೆ ಕೂತು, ಒಂದೂವರೆ ಗಂಟೆ ತೆಗೆದೆ. ಹದಿನೈದು ಕಡ್ಡಿ ಕಪ್ಪಾದವು. ಸ್ಪ್ರಿಂಗ್ ಹತ್ತಿರ ಕೈ ಹಾಕಲೇ ಇಲ್ಲ, ಅದು ಬಾಗಿದರೆ ಮೀಟರ್ ಮುಗೀತು. ಮೀಟರ್ ಒಳಗಿನ ತಿರುಗುವ ಕಡ್ಡಿಗೆ ಹೊಲಿಗೆ ಮಷಿನ್ ಎಣ್ಣೆ ಒಂದೇ ಹನಿ. ಈಗ ಬೆರಳಲ್ಲಿ ತಿರುವಿದರೆ ಸಲೀಸಾಗಿ ತಿರುಗಿ ಮುಳ್ಳು ಮೆಲ್ಲಗೆ ಏಳುತ್ತಿತ್ತು.

ಎರಡನೇ ಕೇಬಲ್ ಹಾಕುವಾಗ ಒಳತಂತಿ ಪೂರ್ತಿ ಹೊರಗೆಳೆದು ಗ್ರೀಸ್ ತೆಳ್ಳಗೆ ಸವರಿದೆ, ಮೇಲಿನ ಒಂದು ಗೇಣು ಒಣಗಿಯೇ ಬಿಟ್ಟೆ. ಇದನ್ನು ಮರೆಯಬೇಡಿ. ಹಳೆಯದು ಹೋಗಿದ್ದ ದಾರಿಯಲ್ಲೇ, ಸೈಲೆನ್ಸರ್ ಪೈಪಿನಿಂದ ದೂರ, ಎಲ್ಲೂ ಮಡಚದ ಹಾಗೆ ದೊಡ್ಡ ಬಾಗಿನಲ್ಲಿ ಎಳೆದೆ. ಬಾಡಿ ತೂತಿನಲ್ಲಿ ರಬ್ಬರ್ ವಾಷರ್ ಒಡೆದು ಹೋಗಿತ್ತು, ಹೊಸದು ಹಾಕಿದೆ, ಇಲ್ಲಾಂದ್ರೆ ತಗಡಿನ ಅಂಚು ಕೇಬಲ್ ಕುಯ್ಯುತ್ತದೆ.

ಮೇಲಿನ ನಟ್ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿದೆ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನ ಒಂದು ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದೆ. ಅಕ್ಕನ ಮಗ ಒಳಗೆ ಕೂತು ಕೇಬಲ್ ತುದಿ ನೋಡುತ್ತಿದ್ದ.

"ಮಾಮಾ, ತಿರುಗ್ತಿದೆ! ನಿಲ್ಸು, ಮತ್ತೆ ತಿರುಗ್ಸು!"

ಅಂದರೆ ಗೇರ್‌ಬಾಕ್ಸ್ ಕಡೆಯ ಹಲ್ಲಿನ ಚಕ್ರವೂ ಚೆನ್ನಾಗಿದೆ. ಚೌಕದ ತುದಿ ಮೀಟರ್ ತೂತಿನಲ್ಲಿ ಸರಿಯಾಗಿ ಕೂತ ಮೇಲೆ ನಟ್ ಕೈಯಲ್ಲೇ ಬಿಗಿ ಮಾಡಿದೆ, ಪಾನಾ ಮುಟ್ಟಿಸಲಿಲ್ಲ.

ಸಂಜೆ ಹೊಸಪೇಟೆ ರಸ್ತೆಯಲ್ಲಿ ಕುಡತಿನಿವರೆಗೆ ಹೋದೆವು. ಮುಳ್ಳು 60ರ ಮೇಲೆ ಅಲುಗದೆ ನಿಂತಿತ್ತು. 60ರಲ್ಲಿ ಹೋದರೆ ಒಂದು ಕಿಲೋಮೀಟರ್‌ಗೆ ಸರಿಯಾಗಿ ಒಂದು ನಿಮಿಷ. ಅಳಿಯ ಕಿಲೋಮೀಟರ್ ಕಲ್ಲು ನೋಡಿ ಮೊಬೈಲಲ್ಲಿ ಟೈಮ್ ಹಿಡಿದ, 63 ಸೆಕೆಂಡ್ ಬಂತು. ಮೀಟರ್ ಸ್ವಲ್ಪ ಜಾಸ್ತಿ ತೋರಿಸುತ್ತಿದೆ, ಅಷ್ಟೇ. ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಎರಡೂ ನಟ್ ಮುಟ್ಟಿ ನೋಡಿದೆ, ಕೆಳಗಿನದು ಕಾಲು ಸುತ್ತು ಸಡಿಲವಾಗಿತ್ತು, ಬಿಗಿ ಮಾಡಿದೆ.